ಎರಡು ಅಂಚಿನ ಲಗ್ನಪತ್ರಿಕೆ

ನಮ್ಮ ಬೀದಿಯಲ್ಲಿ ಎರಡು ಅಂಚೂ ಒಂದೇ ಅಗಲಕ್ಕೆ ಬಾರದ ಸೀರೆ ನೇಯ್ದವನನ್ನು ಕಳ್ಳನಿಗಿಂತ ಕಡೆಯಾಗಿ ಕಾಣುತ್ತಿದ್ದರು. ಕಳ್ಳನಾದರೆ ಕದ್ದು ಓಡಿಹೋಗುತ್ತಾನೆ, ಆಮೇಲೆ ಕಣ್ಣಿಗೆ ಬೀಳುವುದಿಲ್ಲ. ಓರೆ ಅಂಚಿನ ಸೀರೆ ಹರಿಯುವ ತನಕ ಯಾರದೋ ಮೈಮೇಲೆ ಊರೆಲ್ಲ ಸುತ್ತುತ್ತಿರುತ್ತದೆ. ಸೇಲಂನಲ್ಲಿ ಕನ್ನಡ ಮಾತಾಡುವ ನೇಕಾರರ ಮನೆಯಲ್ಲಿ ಹುಟ್ಟಿದವನಿಗೆ ಓದು ಬರಹ ಹತ್ತುವ ಮೊದಲೇ ಈ ರೋಗ ಅಂಟಿಕೊಳ್ಳುತ್ತದೆ. ನನಗೂ ಅಂಟಿತ್ತು. ಗೋಡೆಯ ಮೇಲಿನ ಪಟ ಒಂದು ಎಳೆಯಷ್ಟು ವಾಲಿದ್ದರೂ ಅದರೊಳಗಿನ ದೇವರ ಮೇಲೆ ನನಗೆ ಭಕ್ತಿ ಬರುತ್ತಿರಲಿಲ್ಲ.

ಇಷ್ಟಾದರೂ ನಾನು ನೇಕಾರನಾಗಲಿಲ್ಲ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಸ್ವಲ್ಪ ಹೊತ್ತಿಗೇ ಜೋಮು ಹಿಡಿದು ಎರಡು ಕಾಲೂ ಬೇರೆ ಯಾರದೋ ಅನ್ನಿಸುತ್ತಿತ್ತು. ಅವ್ವ ನೋಡುವಷ್ಟು ನೋಡಿ, ‘ಇವನದು ಸಾವ್ಕಾರ್ರ ಕಾಲು, ಮನೆ ಮಾತ್ರ ನೇಕಾರ್ರುದು’ ಎಂದು ತೀರ್ಪು ಕೊಟ್ಟಳು. ಹಾಗಾಗಿ ಮೂವತ್ತರ ದಶಕದ ಆರಂಭದಲ್ಲಿ, ಮೀಸೆ ಇನ್ನೂ ಬರಲೋ ಬೇಡವೋ ಎನ್ನುತ್ತಿದ್ದಾಗ, ನಾನು ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದೆ. ಅಲ್ಲಿ ನಿಂತು ಕೆಲಸ ಮಾಡಬೇಕಿತ್ತು. ಕಾಲುಗಳು ತಕರಾರು ಮಾಡಲಿಲ್ಲ.

ಪ್ರೆಸ್ಸಿನ ಯಜಮಾನರು ನಶ್ಯದ ಡಬ್ಬಿಯನ್ನು ಒಂದು ಗಳಿಗೆಯೂ ಕೆಳಗಿಡದ ತಮಿಳರು. ಅವರು ನನಗೆ ಕಲಿಸಿದ್ದು ಒಂದೇ ವಿದ್ಯೆ. ಯಾವ ಪ್ರೂಫ್ ತೆಗೆದರೂ, ‘ತಲೈಕೀಳಾ ಪಿಡಿಚ್ಚು ಪಾರುಡಾ’ ಎನ್ನುತ್ತಿದ್ದರು. ತಲೆಕೆಳಗು ಮಾಡಿ ನೋಡು ಎಂದು. ತಲೆಕೆಳಗು ಮಾಡಿದರೆ ಅಕ್ಷರ ಓದಲು ಬರುವುದಿಲ್ಲ; ಓದಲು ಬರದಿದ್ದಾಗ ಕಣ್ಣಿಗೆ ಬರಿಯ ಕಪ್ಪು ಬಿಳುಪು ಕಾಣಿಸುತ್ತದೆ; ಯಾವ ಕಡೆ ಕಾಗದ ಜಗ್ಗುತ್ತಿದೆ ಎಂದು ಆಗ ಗೊತ್ತಾಗುತ್ತದೆ. ದಪ್ಪ ಮೊಳೆಯ ಒಂದು ಸಾಲು ಸಣ್ಣ ಮೊಳೆಯ ಹತ್ತು ಸಾಲನ್ನು ಎತ್ತಿ ಹಿಡಿಯಬಲ್ಲದು. ಸುತ್ತ ಏನೂ ಇಲ್ಲದಿದ್ದರೆ ಇನ್ನೂ ಹೆಚ್ಚು ಹಿಡಿಯುತ್ತದೆ. ಬರಿದೇ ಬಿಟ್ಟ ಜಾಗಕ್ಕೂ ತೂಕವಿದೆ ಎಂಬುದನ್ನು ನಂಬುವುದಕ್ಕೆ ನನಗೆ ಒಂದು ವರ್ಷವೇ ಬೇಕಾಯಿತು. ನೇಕಾರನ ಪಾಲಿಗೆ ಬರಿದಾದ ಜಾಗವೆಂದರೆ ಎಳೆ ತಪ್ಪಿದ ಜಾಗ, ಬೈಸಿಕೊಳ್ಳುವ ಜಾಗ.

ಈಗಿನ ಹುಡುಗರು ಎಲ್ಲವನ್ನೂ ನಡುಮಧ್ಯಕ್ಕೆ ತಂದು ನಿಲ್ಲಿಸಿ ಸಮ ಆಯಿತು ಎನ್ನುತ್ತಾರೆ. ಅವರ ಜೊತೆ ಜಗಳವಾಡುವ ವಯಸ್ಸು ನನ್ನದಲ್ಲ. ಆದರೂ ಆಡುತ್ತೇನೆ.

ನಾನು ಪ್ರೆಸ್ಸಿನಲ್ಲಿ ಸ್ವಲ್ಪ ಪಳಗಿದ ಮೇಲೆ ಅಕ್ಕನಿಗೆ ತಾರಮಂಗಲಂನಿಂದ ಒಂದು ಸಂಬಂಧ ಬಂತು. ಅಕ್ಕನಿಗೆ ಆಗಲೇ ಇಪ್ಪತ್ತು ದಾಟಿತ್ತು. ನಮ್ಮ ಬೀದಿಯ ಲೆಕ್ಕದಲ್ಲಿ ಅದು ಮದುವೆಯ ವಯಸ್ಸಲ್ಲ, ಮೊಮ್ಮಕ್ಕಳ ಕನಸು ಕಾಣುವ ವಯಸ್ಸು. ಹಿಂದೆ ಬಂದವರೆಲ್ಲ ಕಾಫಿ ಕುಡಿದು, ಮನೆಯಲ್ಲಿ ಗಂಡಸರು ಯಾರಿದ್ದಾರೆ ಎಂದು ಕೇಳಿ, ನನ್ನನ್ನು ಒಮ್ಮೆ ನೋಡಿ, ಎದ್ದು ಹೋಗಿದ್ದರು. ಅಪ್ಪ ನಾನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದ. ನಮ್ಮವರ ಮನೆಗಳಲ್ಲಿ ಹೆಂಗಸರು ನೂಲು ಸುತ್ತುತ್ತಿದ್ದರು, ಗಂಜಿ ಹಾಕುತ್ತಿದ್ದರು, ಮಗ್ಗದ ಗುಂಡಿಗೆ ಇಳಿಯುತ್ತಿದ್ದುದು ಗಂಡಸರು. ಅಪ್ಪ ಹೋದ ಮೇಲೆ ಅವ್ವ ಸೆರಗು ಸಿಕ್ಕಿಸಿಕೊಂಡು ಗುಂಡಿಗೆ ಇಳಿದಳು. ಹೆಂಗಸಿನ ಹೆಸರಿಗೆ ನೂಲು ಕೊಡುವ ಪದ್ಧತಿ ಸಾಹುಕಾರರಲ್ಲಿ ಇರಲಿಲ್ಲವಾದ್ದರಿಂದ ನನ್ನ ಹೆಸರಿಗೆ ಕೊಡುತ್ತಿದ್ದರು. ಆಗ ನನಗೆ ಮೂಗು ಒರೆಸಿಕೊಳ್ಳಲೂ ಸರಿಯಾಗಿ ಬರುತ್ತಿರಲಿಲ್ಲ. ಆದರೂ ಸಾಹುಕಾರರ ಬಾಯಲ್ಲಿ ನಮ್ಮ ಬೀದಿಯಿದ್ದ ಅಮ್ಮಾಪೇಟೆಯ ಒಳ್ಳೆಯ ನೇಕಾರರಲ್ಲಿ ನಾನೂ ಒಬ್ಬನಾಗಿದ್ದೆ.

ಈ ಸಲ ಬಂದವರು ಎದ್ದು ಹೋಗಲಿಲ್ಲ. ಹುಡುಗಿಯ ತಮ್ಮ ಪ್ರೆಸ್ಸಿನಲ್ಲಿದ್ದಾನೆ, ಲಗ್ನಪತ್ರಿಕೆ ಚೆನ್ನಾಗಿ ಅಚ್ಚಾಗುತ್ತದೆ ಎಂಬ ಆಸೆಯೇ ಕಾರಣವಿರಬೇಕೆಂದು ನನಗೆ ಅನುಮಾನ. ನಮ್ಮ ಮದುವೆಗಳೆಲ್ಲ ಕನ್ನಡದಲ್ಲಿ ಗೊತ್ತಾಗಿ, ಕನ್ನಡದಲ್ಲಿ ಜಗಳವಾಗಿ, ತಮಿಳಿನಲ್ಲಿ ಅಚ್ಚಾಗುತ್ತಿದ್ದವು. ನಮ್ಮ ಪ್ರೆಸ್ಸಿನಲ್ಲಿ ಕನ್ನಡದ ಒಂದು ಮೊಳೆಯೂ ಇರಲಿಲ್ಲ. ಪತ್ರಿಕೆಯ ಅಡಿಯಲ್ಲಿ ಎಡಕ್ಕೆ ಹೆಣ್ಣಿನ ಕಡೆಯ ಹಿರಿಯರ ಹೆಸರು, ಬಲಕ್ಕೆ ಗಂಡಿನ ಕಡೆಯವರದು. ಅದನ್ನು ನಮ್ಮವರು ಓದುತ್ತಿರಲಿಲ್ಲ, ಅಂಚು ನೋಡಿದ ಹಾಗೆ ನೋಡುತ್ತಿದ್ದರು. ಎಡದ ಅಂಚು ಬಲದ ಅಂಚು ಸಮ ಇರಬೇಕು. ಒಂದು ಕಡೆ ಕಡಿಮೆಯಾದರೆ ಆ ಮನೆ ಕಡಿಮೆ ಎಂದರ್ಥ.

ಅಕ್ಕ ರಾಟೆ ತಿರುಗಿಸುತ್ತಲೇ ಕೇಳಿದಳು.

‘ನಮ್ ಕಡೆ ಯಾರೆಸ್ರು ಆಕ್ತೀಯ್ಲಾ?’

‘ಅಪ್ಪಂದು. ಅಪ್ಪನ ಮಗ ಅಂತ ನಂದು.’

‘ಅವ್ವಂದು?’

‘ಗಂಡ ಸತ್ತೋರ ಎಸ್ರು ಲಗ್ನಪತ್ರಿಕೇಲಿ ಆಕಲ್ಲ ಕಣಕ್ಕಾ. ಗಂಡ ಇರೋರದ್ದೇ ಆಕಲ್ಲ.’

‘ಅವ್ವಂದು ಇಲ್ದೆ ಓದ್ರೆ ನಾನು ಅಸೆಮಣೆ ಮ್ಯಾಲೆ ಕೂರಲ್ಲ. ಓಗಿ ಏಳು ಅವ್ರಿಗೆ.’

ರಾಟೆ ನಿಲ್ಲಲಿಲ್ಲ. ಅಕ್ಕ ಅಳುವ ಹೆಣ್ಣಾಗಿದ್ದರೆ ನಾನು ಹೆದರುತ್ತಿರಲಿಲ್ಲ, ಅತ್ತು ಸುಮ್ಮನಾಗುತ್ತಾಳೆ ಎಂದುಕೊಳ್ಳುತ್ತಿದ್ದೆ. ಅವಳು ಎದುರುಮನೆಯವರು ಅವ್ವನನ್ನು ಏನೋ ಅಂದರೆಂದು ಮೂರು ದೀಪಾವಳಿಯ ತನಕ ಅವರ ಮನೆಯ ಕಡೆ ಮುಖ ತಿರುಗಿಸದೆ ನೀರು ಹೊತ್ತವಳು. ಆ ಕುತ್ತಿಗೆಯನ್ನು ತಿರುಗಿಸುವ ಶಕ್ತಿ ನನ್ನಲ್ಲಿರಲಿಲ್ಲ. ಗುಂಡಿಯೊಳಗಿಂದ ಅವ್ವ, ‘ಸುಮ್ಕಿರ್ಲೇ, ಇದೊಂದೂ ತಪ್ಪೋದ್ರೆ ನಾನ್ ಸತ್ತೇ ಓಯ್ತೀನಿ’ ಅಂದಳು. ಅವಳ ಲಾಳಿಯೂ ನಿಲ್ಲಲಿಲ್ಲ. ಈ ಇಬ್ಬರ ನಡುವೆ ಕೆಲಸವಿಲ್ಲದೆ ನಿಂತಿದ್ದವನು ನಾನೊಬ್ಬನೇ.

ಬೀಗರು, ಅಂದರೆ ಗಂಡಿನ ತಂದೆ, ಒಂದು ಮಧ್ಯಾಹ್ನ ಬಸ್ಸಿಳಿದು ನೇರವಾಗಿ ಪ್ರೆಸ್ಸಿಗೇ ಬಂದರು. ರೇಷ್ಮೆ ನೇಯುವವರು. ಓದು ಬಾರದು. ಆದರೆ ಕಣ್ಣು ಎಂಥದೆಂದರೆ, ಬೆಂಚು ಒಂದು ಕಾಲಿಗೆ ಕುಂಟುತ್ತಿದೆ ಎಂದು ಕೂರುವ ಮೊದಲೇ ಹೇಳಿದರು. ತಮ್ಮ ಕಡೆಯ ಹೆಸರುಗಳನ್ನು ಬಾಯಲ್ಲೇ ಒಪ್ಪಿಸಿದರು. ಅಣ್ಣ ತಮ್ಮಂದಿರು, ದಾಯಾದಿಗಳು, ಭಾವಮೈದುನರು, ಕೊಯಮತ್ತೂರಿನ ಮಿಲ್ಲಿಗೆ ಸೇರಿ ಊರ ಕಡೆ ತಲೆಹಾಕದ ಒಬ್ಬ. ಎಲ್ಲರೂ ಗಂಡಸರು. ನಾನು ಬಲಗಡೆ ಒಂದು ಡಜನ್ ಸಾಲು ಜೋಡಿಸಿದೆ, ಎಡಗಡೆ ಎರಡು ಸಾಲು, ಪ್ರೂಫ್ ಎತ್ತಿ ಕೊಟ್ಟೆ.

ಅವರು ಕಾಗದವನ್ನು ತೋಳುದ್ದ ದೂರ ಹಿಡಿದು ಕಣ್ಣು ಕಿರಿದು ಮಾಡಿದರು.

‘ಇದೇನ್ ತಮ್ಮಾ, ನಮ್ ಕಡೀಕೇ ಎಳೀತೈತೆ. ನಿಮ್ ಕಡೆ ಅಂಚೇ ಇಲ್ಲ.’

‘ನಮ್ಮನೇಲಿ ಇರೋದೇ ಅಷ್ಟು ಜನ ಮಾವ.’

‘ಅದು ನಂಗೊತ್ತು. ನೋಡೋರ್ಗೆ ಗೊತ್ತಾಗ್ಬಾರ್ದು.’

ಯಜಮಾನರು ನಶ್ಯ ಏರಿಸಿಕೊಂಡು ನವಿಲಿನ ಚಿತ್ರ ಒತ್ತುವ ಬ್ಲಾಕನ್ನು ತೋರಿಸಿದರು. ಪ್ರೆಸ್ಸಿನಲ್ಲಿದ್ದ ಆಡಂಬರವೆಂದರೆ ಅದೊಂದೇ. ಬಲಕ್ಕೆ ಮುಖ ಮಾಡಿ ನಿಂತ ನವಿಲು. ನಮ್ಮ ಎರಡು ಸಾಲಿನ ಕೆಳಗೆ ಒತ್ತಿ ತೋರಿಸಿದೆ. ನವಿಲು ವಿನಯದಿಂದ ಬೀಗರ ಕಡೆಯ ಹೆಸರುಗಳನ್ನು ನೋಡುತ್ತಿತ್ತು. ಬೀಗರಿಗೆ ಹಿಡಿಸಿತು. ಹಿಡಿಸಿದ್ದರಿಂದ ತಮ್ಮ ಕಡೆಗೂ ಒಂದು ಬೇಕು ಅಂದರು. ಅದೇ ಬ್ಲಾಕನ್ನು ಬಲಗಡೆಯೂ ಒತ್ತಿದೆ. ಎಡಗಡೆಯ ನವಿಲು ಅವರನ್ನು ನೋಡುತ್ತಿತ್ತು. ಬಲಗಡೆಯದು ನಮ್ಮ ಮನೆಗೆ ಬಾಲ ತೋರಿಸಿ ಕಾಗದದಿಂದ ಆಚೆಗೆ ಹೊರಟಿತ್ತು.

‘ಇದುನ್ನ ಈ ಕಡೆ ತಿರುಗ್ಸು.’

‘ಆಗಲ್ಲ ಮಾವ.’

‘ಯಾಕಾಗಲ್ಲ? ಬಟ್ಟೇನ ಮಗುಚಾಕಿದ್ರೆ ನವ್ಲು ಆ ಕಡೆ ನೋಡಲ್ವಾ?’

ಅಂದವರೇ ಬ್ಲಾಕನ್ನು ಕೈಗೆತ್ತಿಕೊಂಡು ಮಗುಚಿದರು. ಹಿಂಬದಿಯಲ್ಲಿ ಮರದ ತುಂಡು. ಅದನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಕೆರೆದು, ನವಿಲಿನ ಇನ್ನೊಂದು ಮಗ್ಗುಲು ಎಲ್ಲಿ ಹೋಯಿತೆಂದು ಹುಡುಕಿದರು. ಯಜಮಾನರಿಗೆ ನಗು ಬಂದು ನಶ್ಯವೆಲ್ಲ ಚೆಲ್ಲಿತು. ನಾನು ನಗಲಿಲ್ಲ. ಇದು ನೇಕಾರ ಮಾತ್ರ ಮಾಡಬಲ್ಲ ತಪ್ಪು. ಹುಟ್ಟಿದಾಗಿನಿಂದ ನಾವು ಕಂಡ ನವಿಲಿಗೆಲ್ಲ ಎರಡು ಮಗ್ಗುಲು. ಸೀರೆಯ ಈಚೆ ಎಡಕ್ಕೆ ನೋಡಿದರೆ ಆಚೆ ಬಲಕ್ಕೆ ನೋಡುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಯಾರೂ ಇಲ್ಲದಾಗ ಇದೇ ಬ್ಲಾಕನ್ನು ಮಗುಚಿ ನೋಡಿದ್ದೆ.

ಕೊನೆಗೆ ಬ್ಲಾಕನ್ನು ಅರ್ಧ ಸುತ್ತು ತಿರುಗಿಸಿ ಒತ್ತಿದೆ. ನವಿಲು ಈಗ ನಮ್ಮ ಕಡೆ ನೋಡಿತು, ಆದರೆ ಕಾಲು ಮೇಲಾಗಿ, ಅಡುಗೆಗೆ ತಂದ ಕೋಳಿಯಂತೆ. ಬೀಗರು ಬಹಳ ಹೊತ್ತು ಅದನ್ನೂ ಪರಿಶೀಲಿಸಿದರು. ‘ತೂಕ ಸರಿಯಾಗೈತೆ’ ಎಂದರು. ‘ಆದ್ರೆ ಮದ್ವೆಗೆ ಬ್ಯಾಡ.’

ಆಮೇಲೆ ಕುಂಭದ ಬ್ಲಾಕು, ದೀಪದ ಬ್ಲಾಕು, ಬಾಳೆಕಂಬ, ಯಾವುದು ತೋರಿಸಿದರೂ ತಲೆಯಾಡಿಸಿಬಿಟ್ಟರು. ‘ಈ ಕಡೆ ಮನುಷ್ರು, ಆ ಕಡೆ ಚೊಂಬು. ಇವ್ರು ಚೊಂಬಿನ ಮನೇಲಿ ಎಣ್ಣು ತಂದ್ರು ಅಂತಾರೆ.’ ಹಾಗಾದರೆ ಅಪ್ಪನ ಹೆಸರನ್ನು ದಪ್ಪ ಮೊಳೆಯಲ್ಲಿ ಹಾಕುತ್ತೇನೆ ಅಂದೆ. ತೀರಿಹೋದವರು ಇರುವವರಿಗಿಂತ ದಪ್ಪವಾಗಿ ಕಾಣಬಾರದು ಅಂದರು. ನನ್ನ ಹೆಸರು? ನನ್ನ ಮೀಸೆಯ ಕಡೆ ನೋಡಿ, ಅದಕ್ಕೆ ಉತ್ತರ ಕೊಡುವ ಅಗತ್ಯವಿಲ್ಲವೆಂದು ತೀರ್ಮಾನಿಸಿದರು. ಪ್ರೂಫಿನ ಮೇಲೆ ಪ್ರೂಫು ತೆಗೆದು ನನ್ನ ತೋಳು ಬಿದ್ದುಹೋಗಿತ್ತು. ಬಸ್ಸಿನ ಹೊತ್ತಾಗುತ್ತಿತ್ತು.

‘ಇನ್ಯಾರೂ ಇಲ್ವೇನಪ್ಪಾ ನಿಮ್ಮನೇಲಿ?’

ಇಷ್ಟು ಹೊತ್ತು ನಾನು ಕಾಯುತ್ತಿದ್ದ ಮಾತು ಅದು. ಇವರು ಇಲ್ಲಿಂದ ಸಿಟ್ಟಾಗಿ ಎದ್ದು ಹೋದರೆ ಅಕ್ಕನಿಗೆ ಇನ್ನೊಂದು ಸಂಬಂಧ ಬರುವುದಿಲ್ಲ. ಹೇಳದೆ ಹೋದರೆ ಈ ಸಂಬಂಧವೇ ಹಸೆಮಣೆಯ ತನಕ ಬರುವುದಿಲ್ಲ. ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು. ಬಾಯಲ್ಲಿ ಕೇಳಿದರೆ ಬೇಡವೆನ್ನುತ್ತಾರೆ ಎಂದು ನಾನು ಬಾಯಿ ತೆರೆಯಲಿಲ್ಲ. ದಪ್ಪ ಮೊಳೆಯ ಪೆಟ್ಟಿಗೆ ಎಳೆದು ಅವ್ವನ ಹೆಸರು ಜೋಡಿಸಿದೆ. ಅಪ್ಪನ ಸಾಲಿನ ನಂತರ, ಮೇಲೆ ಕೆಳಗೆ ಅಕ್ಕ ಪಕ್ಕ ಧಾರಾಳವಾಗಿ ಜಾಗ ಬಿಟ್ಟು, ಅದೊಂದೇ ಸಾಲು. ನನ್ನ ಹೆಸರನ್ನು ಸಣ್ಣ ಮೊಳೆಯಲ್ಲಿ ಎಲ್ಲಕ್ಕೂ ತಳಕ್ಕೆ ಸರಿಸಿದೆ. ಅವ್ವನ ಹೆಸರು ಏನೆಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಸುತ್ತ ಅಷ್ಟು ಜಾಗ ಬಿಡಬೇಕಾಗುತ್ತದೆ.

ಬೀಗರು ಪ್ರೂಫನ್ನು ದೂರ ಹಿಡಿದರು. ಯಜಮಾನರು ಅದನ್ನು ಅವರ ಕೈಯಲ್ಲೇ ತಲೆಕೆಳಗು ಮಾಡಿದರು. ಅಕ್ಷರ ಬಾರದವರಿಗೆ ಎರಡೂ ಒಂದೇ. ಒಂದು ಕಣ್ಣು ಮುಚ್ಚಿದರು, ಇನ್ನೊಂದು ಮುಚ್ಚಿದರು.

‘ನಿಂತ್ಕಂತು’ ಅಂದರು. ‘ಸರಿದಾನ್. ಒಂದು ಎಳೆ ಆಚೆಯಿಲ್ಲ ಈಚೆಯಿಲ್ಲ. ಯಾರಿದು, ನಮ್ಮೋರು ಅಷ್ಟೂ ಜನಾನ ಒಬ್ನೇ ಇಡ್ಕಂಡಿರೋನು?’

‘ನಮ್ಮವ್ವ.’

ಬೀಗರು ಕಾಗದವನ್ನು ಬೆಂಚಿನ ಮೇಲಿಟ್ಟರು. ಎಲೆಯಡಿಕೆ ಚೀಲ ಬಿಚ್ಚಿದರು, ಎಲೆಯ ತೊಟ್ಟು ಮುರಿದರು, ಸುಣ್ಣ ಸವರಿದರು, ಬಾಯಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದರು. ನಾನು ಹೇಳಬೇಕೆಂದುಕೊಂಡದ್ದೆಲ್ಲ ಒಟ್ಟಿಗೆ ಹೇಳಿಬಿಟ್ಟೆ: ಅಪ್ಪ ಹೋದ ಮೇಲೆ ಗುಂಡಿಗೆ ಇಳಿದವಳು ಅವಳು, ನನ್ನ ಹೆಸರಿನಲ್ಲಿ ನೇಯ್ದವಳು ಅವಳು, ಅವಳ ಹೆಸರಿಲ್ಲದಿದ್ದರೆ ಅಕ್ಕ ಮಣೆಗೆ ಬರುವುದಿಲ್ಲ. ಕೊನೆಯ ಮಾತು ಹೇಳಬಾರದಿತ್ತು ಎಂದು ಹೇಳಿದ ಮೇಲೆ ಅನ್ನಿಸಿತು.

‘ತೆಗ್ದು ತೋರ್ಸು.’

ತೆಗೆದು ಇನ್ನೊಂದು ಪ್ರೂಫ್ ಕೊಟ್ಟೆ. ಅವರು ಎರಡನ್ನೂ ಎರಡು ಕೈಯಲ್ಲಿ ಹಿಡಿದರು. ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು, ಆ ಮನುಷ್ಯನ ಒಳಗೆ ಪದ್ಧತಿ ಒಂದು ಕಡೆ ಎಳೆಯುತ್ತಿತ್ತು, ಕಣ್ಣು ಇನ್ನೊಂದು ಕಡೆ. ಜೀವಮಾನವೆಲ್ಲ ಆ ಕಣ್ಣನ್ನೇ ನಂಬಿ ಅನ್ನ ಉಂಡವರು. ಅದು ಹೇಳಿದ್ದನ್ನು ಮೀರಿ ಅವರಿಗೆ ಅಭ್ಯಾಸವಿರಲಿಲ್ಲ.

‘ಆಕ್ಬೋದು’ ಎಂದರು ಕೊನೆಗೆ. ‘ಆದ್ರೆ ಒಂದ್ ತೊಂದ್ರೆ ಐತೆ. ಈಯಮ್ಮಂದು ಆಕಿದ್ರೆ ನಮ್ಮವ್ಳು ಬುಡ್ತಾಳಾ? ನಂದ್ಯಾಕಿಲ್ಲ ಅಂತಾಳೆ.’

‘ಅವರದೂ ಆಕಾನ ಮಾವ.’

‘ಆಕಿದ್ರೆ ನಮ್ ಕಡೆ ಜಾಸ್ತಿ ಆಯ್ತದಲ್ಲಪ್ಪಾ!’

ಅವರ ದುಃಖ ನಿಜವಾದದ್ದು. ಎಲೆಯನ್ನು ಬಾಯಿಗೆ ಹಾಕಿಕೊಂಡು ಒಬ್ಬೊಬ್ಬರನ್ನೇ ನೆನೆದರು. ಕೊಯಮತ್ತೂರಿನವನು ಮೊದಲು ಹೋದ; ಊರಿಗೆ ಬರದವನಿಗೆ ಪತ್ರಿಕೆಯಲ್ಲಿ ಏನು ಕೆಲಸ. ಹಿಂದಿನ ಮದುವೆಯಲ್ಲಿ ರಸಕ್ಕೆ ಹೆಸರಿಟ್ಟ ಭಾವಮೈದುನ ಹೋದ. ಬಾವಿಯ ಪಾಲಿನಲ್ಲಿ ತಕರಾರು ಮಾಡಿದ ದಾಯಾದಿ, ಅವನ ಪರವಾಗಿ ಮಾತಾಡಿದ ಇನ್ನೊಬ್ಬ, ಅವನ ಮಗ. ಶುರುಮಾಡುವಾಗ ಸಂಕಟಪಟ್ಟವರು ಬರಬರುತ್ತ ಹುರುಪಾದರು. ಅರ್ಧ ಜನ ಹೋದ ಮೇಲೆ ಬೀಗಿತ್ತಿಯ ಹೆಸರು ಅವ್ವನ ಹೆಸರಿನ ಎದುರಿಗೆ ಅದೇ ದಪ್ಪದಲ್ಲಿ ಬಂದು ನಿಂತಿತು. ಇನ್ನೂ ಒಬ್ಬಿಬ್ಬರನ್ನು ತೆಗೆಯಬಹುದಿತ್ತೇನೋ ಎಂಬ ಆಸೆಯಲ್ಲೇ ಬೀಗರು ಬಸ್ಸಿಗೆ ಹೊರಟರು. ನನಗೆ ಆವತ್ತು ಆದ ಸಂತೋಷಕ್ಕೆ ಪ್ರೆಸ್ಸಿನಲ್ಲಿ ದಪ್ಪ ಮೊಳೆ ಇರಲಿಲ್ಲ.

ಪತ್ರಿಕೆ ಮನೆಗೆ ಬಂದಾಗ ಅಕ್ಕ ನೋಡಿ, ‘ಊಂ’ ಅಂದಳು. ಅವಳ ಮಟ್ಟಿಗೆ ಅದು ಬಹಳ ದೊಡ್ಡ ಮಾತು. ಅವ್ವ ಗುಂಡಿಯಿಂದ ಮೇಲೆ ಬಂದು, ಕೈ ಒರೆಸಿಕೊಂಡು, ಯಾವುದು ಎಂದು ಕೇಳಿದಳು. ತೋರಿಸಿದೆ.

‘ಇಷ್ಟು ದಪ್ಪ ಯಾಕ್ಲಾ ಆಕ್ದೆ? ನಾಕ್ ಜನ ಏನಂದಾರು?’

‘ತೂಕಕ್ಕವ್ವ.’

‘ಎದುರ್ಗಿರೋದು ಯಾರ್ದು?’

‘ಬೀಗಿತ್ತೀದು.’

‘ಆಯಮ್ಮಂದೂ ಐತಾ?’ ಎಂದು ಬೆರಳನ್ನು ಒಂದು ಹೆಸರಿನಿಂದ ಇನ್ನೊಂದು ಹೆಸರಿಗೆ ಎಳೆದಳು. ‘ಅಂಗಾದ್ರೆ ಓಗ್ಲಿ.’

ಮದುವೆ ನಮ್ಮ ಮನೆಯ ಮುಂದಿನ ಚಪ್ಪರದಲ್ಲೇ ನಡೆಯಿತು. ಪತ್ರಿಕೆಯಿಂದ ಹೊರಬಿದ್ದ ಗಂಡಸರೆಲ್ಲ ಒಬ್ಬರೂ ತಪ್ಪದೆ ಬಂದು ಬಲಗಡೆಯ ಚಾಪೆಯ ಮೇಲೆ ಗುಂಪಾಗಿ ಮುಖ ಊದಿಸಿಕೊಂಡು ಕೂತರು. ಎಡಗಡೆ ಬೀದಿಯ ಕೆಲವು ಹೆಂಗಸರು ಮತ್ತು ಧಾರೆ ಎರೆಯಲು ಒಪ್ಪಿದ್ದ ನೆರೆಮನೆಯ ಹಿರಿಯ ದಂಪತಿ. ಅವ್ವ ಅಡುಗೆಯವರ ಜೊತೆ ಹಿತ್ತಲಲ್ಲಿದ್ದಳು. ಹೆಸರು ಹೊರಗೆ ಬಂದಿತ್ತು, ಅವಳು ಒಳಗೇ ಇದ್ದಳು. ಮುಹೂರ್ತ ಹತ್ತಿರವಾಗುತ್ತಿತ್ತು. ಬೀಗರು ಚಪ್ಪರದ ಬಾಗಿಲಿಗೆ ಹೋಗಿ ಹಿಂದಿರುಗಿ ನಿಂತು ಕಣ್ಣು ಕಿರಿದು ಮಾಡಿದರು. ಮದುವೆಯಲ್ಲೂ ಆ ಮನುಷ್ಯನಿಗೆ ಬಿಡುವಿಲ್ಲ.

‘ಈ ಕಡೆ ಬೋಳಾಗೈತೆ. ಪತ್ರಿಕೇಲಿರೋ ಆಯಮ್ಮ ಎಲ್ಲಿ?’

‘ಒಳಗವ್ಳೆ ಮಾವ. ಬರಲ್ಲ ಅಂತಾಳೆ.’

‘ಕಾಗ್ದದಾಗೊಂದು ಚಪ್ಪರದಾಗೊಂದಾ? ಕರ್ಕಂಬಾ.’

ಅವ್ವ ಬಂದಳು. ಬೇಡ ಬೇಡವೆನ್ನುತ್ತಲೇ ಬಂದು, ಎಡಗಡೆಯ ಚಾಪೆಯ ಕೊನೆಯಲ್ಲಿ ಕೂತಳು. ಅವಳು ಕೂತಿದ್ದೇ ತಡ, ಪಕ್ಕದಲ್ಲಿದ್ದ ಹೆಂಗಸರು ಸರಿದರು. ಬೈದುಕೊಂಡು ಸರಿದದ್ದಲ್ಲ, ಮಾತಾಡುತ್ತ ಮಾತಾಡುತ್ತಲೇ ಸರಿದರು. ಒಬ್ಬಳು ಮಗುವನ್ನು ಎಳೆದುಕೊಂಡಳು, ಒಬ್ಬಳು ಅರಿಸಿನ ಕುಂಕುಮದ ತಟ್ಟೆಯನ್ನು ಎತ್ತಿ ಆಚೆಗಿಟ್ಟಳು. ಸ್ವಲ್ಪ ಹೊತ್ತಿನಲ್ಲಿ ಅವ್ವನ ಹಿಂದೆ ಮುಂದೆ ಅಕ್ಕ ಪಕ್ಕ ಚಾಪೆ ಬರಿದಾಯಿತು. ಬೀಗರು ಬಾಗಿಲಿನಿಂದ ನೋಡಿ ಸಮಾಧಾನದಿಂದ ತಲೆಯಾಡಿಸಿದರು. ಅಲ್ಲಿಂದ ನೋಡಿದವರಿಗೆ ಎಲ್ಲ ಸರಿಯಾಗಿಯೇ ಕಂಡಿರಬೇಕು. ನಾನು ಹತ್ತಿರದಲ್ಲಿದ್ದೆ. ಕಾಗದದ ಮೇಲೆ ನಾನೇ ಬೇಕೆಂದು ಅಳೆದು ಬಿಟ್ಟಿದ್ದ ಜಾಗ ಇದು. ಇದನ್ನು ಮನುಷ್ಯರ ಸುತ್ತ ನೋಡಿದರೆ ಹೇಗಿರುತ್ತದೆ ಎಂದು ಯಜಮಾನರು ನನಗೆ ಹೇಳಿಕೊಟ್ಟಿರಲಿಲ್ಲ. ಅವ್ವ ತಲೆ ತಗ್ಗಿಸಿ ಸೆರಗಿನ ಅಂಚನ್ನು ಬೆರಳಿನಲ್ಲಿ ತಿರುಚುತ್ತಿದ್ದಳು.

ಹಸೆಮಣೆಯ ಮೇಲಿಂದ ಅಕ್ಕ ನೋಡಿದಳು. ಅವಳ ಕುತ್ತಿಗೆ ಬಿಗಿಯಾದದ್ದು ನನಗೆ ಕಾಣಿಸಿತು, ಎದ್ದೇಬಿಡುತ್ತಾಳೆ ಅಂದುಕೊಂಡೆ. ಪುರೋಹಿತರು ಮಂತ್ರದ ನಡುವೆಯೇ ಅವಳ ಕಡೆ ಕಣ್ಣು ಬಿಟ್ಟರು.

ಅಷ್ಟರಲ್ಲಿ ಬಲಗಡೆಯಿಂದ ಬೀಗಿತ್ತಿ ಎದ್ದರು. ಮೈತುಂಬಿದ ಹೆಂಗಸು, ಮಂಡಿನೋವಿನವರು, ಏಳುವುದೇ ಒಂದು ಕೆಲಸ. ಗಂಡ ಬಾಗಿಲಿನಿಂದ ಕೈಸನ್ನೆ ಮಾಡಿ ಅಲ್ಲೇ ಕೂತಿರು ಕೂತಿರು ಎನ್ನುತ್ತಿದ್ದರೂ ನೋಡದೆ, ಹಸೆಮಣೆಯ ಮುಂದುಗಡೆಯಿಂದಲೇ ನಡೆದು ಬಂದು, ಅವ್ವನ ಪಕ್ಕದಲ್ಲಿ, ಮಂಡಿಗೆ ಮಂಡಿ ತಾಗುವ ಹಾಗೆ ಕೂರಲು ಬಗ್ಗಿದರು.

‘ಒಸಿ ಸರ್ಕಳ್ರಮ್ಮಾ’ ಅಂದರು.

ಅಲ್ಲಿ ಹತ್ತು ಜನ ಕೂರುವಷ್ಟು ಜಾಗವಿತ್ತು. ಆದರೂ ಅವ್ವ ಸರಿದು ಜಾಗ ಮಾಡಿಕೊಟ್ಟಳು.